ಸ್ಟಿಯರಿಂಗ್ ಹಿಡಿಯದ ಟ್ರಾಫಿಕ್ ಮೇಷ್ಟ್ರು

ಎಲ್‌ಎಲ್‌ಆರ್ ಪರೀಕ್ಷೆಗೆ ಓದಿದವರಿಗೆ ಆ ಬೋರ್ಡುಗಳೆಲ್ಲ ಬಾಯಿಪಾಠ. ಕೆಂಪು ಅಂಚಿನ ತ್ರಿಕೋನವಾದರೆ ಎಚ್ಚರಿಕೆ, ದುಂಡಗಿದ್ದರೆ ಕಡ್ಡಾಯ, ನೀಲಿ ಹಲಗೆಯಾದರೆ ಮಾಹಿತಿ. ಎಂಟು ಮೂಲೆಯ ಕೆಂಪು ಹಲಗೆ ಕಂಡರೆ ನಿಲ್ಲಬೇಕು, ತಲೆಕೆಳಗಾದ ತ್ರಿಕೋನ ಕಂಡರೆ ದಾರಿ ಬಿಡಬೇಕು. ಪರೀಕ್ಷೆ ಪಾಸಾಗಿ ಕಾರ್ಡು ಕೈಗೆ ಬಂದ ಮೇಲೆ ಇದನ್ನೆಲ್ಲ ಎಷ್ಟು ಜನ ನೆನಪಿಟ್ಟುಕೊಳ್ಳುತ್ತಾರೆ ಎಂಬುದು ಬೇರೆ ಮಾತು. ಆದರೆ ಒಂದು ಪ್ರಶ್ನೆ ದಿನಾ ಎದುರಾಗುತ್ತದೆ. ನಾಲ್ಕು ರಸ್ತೆ ಕೂಡುವ ಜಾಗ. ಪೊಲೀಸರಿಲ್ಲ, ಸಿಗ್ನಲ್ ಇಲ್ಲ, ಬೋರ್ಡೂ ಇಲ್ಲ. ನಾಲ್ಕೂ ಕಡೆಯಿಂದ ಗಾಡಿಗಳು ಬಂದಿವೆ. ಮೊದಲು ಹೋಗಬೇಕಾದವರು ಯಾರು? ಹಾರ್ನ್ ಜೋರಾಗಿ ಹೊಡೆದವರು ಅಥವಾ ಗಾಡಿ ದೊಡ್ಡದಿರುವವರು ಎಂಬುದು ನಮ್ಮ ಬೀದಿಗಳ ಉತ್ತರ.

ಈ ಪ್ರಶ್ನೆಗೆ ಬರಹದಲ್ಲಿ ಒಂದು ಉತ್ತರ ಇರಬೇಕು, ಅದು ಗಾಡಿ ಹೊಡೆಯುವ ಎಲ್ಲರ ಜೇಬಿನಲ್ಲೂ ಇರಬೇಕು ಎಂದು ಹಟ ಹಿಡಿದು, ತನ್ನ ದುಡ್ಡನ್ನೂ ಆಯಸ್ಸನ್ನೂ ಅದಕ್ಕೇ ಸುರಿದ ಮನುಷ್ಯನೊಬ್ಬನಿದ್ದ. ಹೆಸರು ವಿಲಿಯಂ ಫೆಲ್ಪ್ಸ್ ಈನೋ. ಹೊಟ್ಟೆ ಉಬ್ಬರಕ್ಕೆ ನಾವು ನೀರಿಗೆ ಹಾಕಿ ಕುಡಿಯುವ ಈನೋಗೂ ಇವನಿಗೂ ಸಂಬಂಧವಿಲ್ಲ. ಆ ಪುಡಿ ಮಾಡಿದವನು ಇಂಗ್ಲೆಂಡಿನ ಬೇರೊಬ್ಬ ಈನೋ. ಇವನು ಅಮೆರಿಕದವನು. ಅಲ್ಲಿ ಇವನನ್ನು ಸಂಚಾರ ಸುರಕ್ಷತೆಯ ಪಿತಾಮಹ ಎಂದು ಕರೆಯುತ್ತಾರೆ. ತಮಾಷೆಯೆಂದರೆ ಈ ಪಿತಾಮಹ ಬದುಕಿಡೀ ಒಂದು ದಿನವೂ ಕಾರು ಓಡಿಸಲು ಕಲಿಯಲಿಲ್ಲ.

ಸಿವಿಲ್ ಓದುವ ನಮಗೆ ಸಾರಿಗೆ ಇಂಜಿನಿಯರಿಂಗ್ ಪಠ್ಯದಲ್ಲಿ ರೋಟರಿ ಎಂಬ ಭಾಗ ಬರುತ್ತದೆ. ಅಲ್ಲಿ ಸೂತ್ರವಿದೆ, ಚಿತ್ರವಿದೆ, ಲೆಕ್ಕವಿದೆ. ಈ ಮನುಷ್ಯನ ಹೆಸರಿಲ್ಲ. ಆ ಸಿಟ್ಟೂ ಸೇರಿ ಈ ಲೇಖನ.

ಈನೋ ಹುಟ್ಟಿದ್ದು 1858ರ ಜೂನ್ 3ರಂದು, ನ್ಯೂಯಾರ್ಕ್ ನಗರದಲ್ಲಿ. ಮನೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ಅಪ್ಪ ಏಮಸ್ ಈನೋ ಜಮೀನು, ಕಟ್ಟಡಗಳ ವ್ಯವಹಾರದಲ್ಲಿ ಊರಿಗೇ ಹೆಸರಾದವನು. ಮಗ ಹುಟ್ಟಿದ ಮರುವರ್ಷ, 1859ರಲ್ಲಿ, ಆತ ಫಿಫ್ತ್ ಅವೆನ್ಯೂ ಹೋಟೆಲ್ ತೆರೆದ. ಊರಿನಿಂದ ಇಷ್ಟು ದೂರ ಯಾರು ಬಂದು ಇಳಿದುಕೊಳ್ಳುತ್ತಾರೆ ಎಂದು ಜನ ನಕ್ಕಿದ್ದರು. ಕೆಲವೇ ವರ್ಷಗಳಲ್ಲಿ ಊರೇ ಬೆಳೆದು ಹೋಟೆಲಿನ ಬಾಗಿಲಿಗೆ ಬಂತು. ಊರು ಬೆಳೆದ ಹಾಗೆ ಬೀದಿಗೆ ಕುದುರೆಗಾಡಿಗಳೂ ಬಂದವು.

1867. ಹುಡುಗನಿಗೆ ಒಂಬತ್ತು ವರ್ಷ. ಅಮ್ಮನ ಜೊತೆ ಗಾಡಿಯಲ್ಲಿ ಹೋಗುತ್ತಿದ್ದಾಗ ಬೀದಿ ಕಟ್ಟಿಕೊಂಡಿತು. ಈಗಿನ ಬೆಂಗಳೂರಿನವರಿಗೆ ಹೇಳಿದರೆ ನಗು ಬರಬೇಕು: ಅಲ್ಲಿ ಸಿಕ್ಕಿಹಾಕಿಕೊಂಡಿದ್ದು ಹೆಚ್ಚೆಂದರೆ ಹನ್ನೆರಡು ಗಾಡಿಗಳಂತೆ. ಆದರೂ ಯಾವುದೂ ಅಲುಗಾಡಲಿಲ್ಲ. ಹಿಂದೆ ಸರಿಯಬೇಕಾದವರು ಯಾರು, ಮುಂದೆ ಹೋಗಬೇಕಾದವರು ಯಾರು ಎಂದು ಗಾಡಿ ಹೊಡೆಯುವವರಿಗೂ ಗೊತ್ತಿರಲಿಲ್ಲ, ನಿಂತು ನೋಡುತ್ತಿದ್ದ ಪೊಲೀಸರಿಗೂ ಗೊತ್ತಿರಲಿಲ್ಲ. ಈನೋ ಮುದುಕನಾದ ಮೇಲೆ ಇದನ್ನು ನೆನಪು ಮಾಡಿಕೊಂಡು ಬರೆದಿದ್ದಾನೆ. ಬೀದಿಯಲ್ಲಿ ಜಾಗ ಕಡಿಮೆ ಇರಲಿಲ್ಲ, ಒಂದಿಷ್ಟು ಶಿಸ್ತು ಇದ್ದಿದ್ದರೆ ಎಲ್ಲರೂ ಸಲೀಸಾಗಿ ಹೋಗಬಹುದಿತ್ತು ಎಂಬುದು ಅವನಿಗೆ ಹೊಳೆದ ವಿಷಯ.

ಹಾಗಂತ ಆಗ ಕಾನೂನೇ ಇರಲಿಲ್ಲ ಎಂದಲ್ಲ. ರಸ್ತೆಯ ಬಲಕ್ಕೆ ಹೋಗಬೇಕು ಎಂದು ನ್ಯೂಯಾರ್ಕ್ ರಾಜ್ಯ 1804ರಲ್ಲೇ ಹೇಳಿತ್ತು. ಎಡಕ್ಕೆ ಹೋಗಬೇಕು ಎಂದು ಬ್ರಿಟನ್ 1835ರ ಹೆದ್ದಾರಿ ಕಾಯಿದೆಯಲ್ಲಿ ಬರೆದುಕೊಂಡಿತ್ತು. ನಾವು ಇವತ್ತಿಗೂ ಎಡಕ್ಕೆ ಹೋಗುವುದು ಆ ಬ್ರಿಟಿಷರ ಬಳುವಳಿ. ಆದರೆ ಎಡಕ್ಕೋ ಬಲಕ್ಕೋ ಎಂಬುದು ಎದುರುಬದುರು ಬರುವವರ ಜಗಳವನ್ನಷ್ಟೇ ಬಿಡಿಸುತ್ತದೆ. ಅಡ್ಡರಸ್ತೆಯಿಂದ ಬಂದವನ ಜೊತೆಗಿನ ಜಗಳ ಹಾಗೇ ಉಳಿಯುತ್ತದೆ. ಹುಡುಗ ಈನೋ ಬೀದಿಯಲ್ಲಿ ಸಿಕ್ಕಿಕೊಂಡ ಮರುವರ್ಷ, ಅಂದರೆ 1868ರ ಕೊನೆಗೆ, ಲಂಡನ್ನಿನ ಪಾರ್ಲಿಮೆಂಟ್ ಹತ್ತಿರ ಗ್ಯಾಸ್ ದೀಪದ ಸಿಗ್ನಲ್ ಕಂಬ ನಿಲ್ಲಿಸಿದರು. ರೈಲ್ವೆಯವರ ಕೈಮರದ ನಕಲು ಅದು. ಒಂದೆರಡು ತಿಂಗಳೊಳಗೆ ಗ್ಯಾಸ್ ಸೋರಿ ಸಿಡಿಯಿತು. ಆಮೇಲೆ ಸುಮಾರು ಐವತ್ತು ವರ್ಷ ಸಿಗ್ನಲ್ ದೀಪದ ಉಸಾಬರಿಗೆ ಹೆಚ್ಚು ಜನ ಹೋಗಲಿಲ್ಲ.

ಈನೋ ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿ 1882ರಲ್ಲಿ ಪದವಿ ಪಡೆದ. ಇಂಜಿನಿಯರಿಂಗ್ ಓದಲಿಲ್ಲ. ಆಮೇಲೆ ಅಪ್ಪನ ವ್ಯವಹಾರಕ್ಕೇ ಸೇರಿಕೊಂಡ. 1898ರಲ್ಲಿ ಅಪ್ಪ ತೀರಿಕೊಂಡಾಗ ಆಸ್ತಿ ಪಾಲಾಗಬೇಕಿತ್ತು. ಅದರಲ್ಲೊಂದು ಬ್ರಾಡ್‌ವೇ ಮತ್ತು ಫಿಫ್ತ್ ಅವೆನ್ಯೂ ಓರೆಯಾಗಿ ಕೂಡುವ ಕಡೆಯ ಮೂರು ಮೂಲೆಯ ನಿವೇಶನ. 1899ರ ಹರಾಜಿನಲ್ಲಿ ವಿಲಿಯಂ ಅದನ್ನು 6,90,000 ಡಾಲರಿಗೆ ಕೊಂಡು, ಮೂರು ವಾರದಲ್ಲಿ 8,01,000 ಡಾಲರಿಗೆ ಮಾರಿದ. ಇಸ್ತ್ರಿಪೆಟ್ಟಿಗೆಯಂತೆ ಕಾಣುವ ಫ್ಲಾಟ್‌ಐರನ್ ಕಟ್ಟಡ ಎದ್ದು ನಿಂತಿರುವುದು ಅದೇ ಜಾಗದಲ್ಲಿ. ಮೂರು ವಾರಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಡಾಲರ್ ಲಾಭ ಮಾಡಬಲ್ಲವನು ಆಮೇಲೆ ಏನು ಮಾಡಬೇಕಿತ್ತು? ಇನ್ನೊಂದು ನಿವೇಶನ ಕೊಳ್ಳಬೇಕಿತ್ತು. ಈನೋ ಆ ವರ್ಷವೇ ವ್ಯವಹಾರದಿಂದ ನಿವೃತ್ತನಾದ. ವಯಸ್ಸು ನಲವತ್ತೊಂದು. ಯಾರೂ ಕೊಡದ ಕೆಲಸವೊಂದನ್ನು ತಾನೇ ಹುಡುಕಿಕೊಂಡ. ಅದಕ್ಕೆ ಸಂಬಳವಿರಲಿಲ್ಲ, ಹುದ್ದೆಯ ಹೆಸರೂ ಇರಲಿಲ್ಲ. ಟ್ರಾಫಿಕ್ ಇಂಜಿನಿಯರ್ ಎಂಬ ಉದ್ಯೋಗವೇ ಆಗಿನ್ನೂ ಹುಟ್ಟಿರಲಿಲ್ಲ.

ದುಡ್ಡಿದ್ದವನು, ಏನು ಬೇಕಾದರೂ ಮಾಡಬಹುದಿತ್ತು ಬಿಡಿ ಎನ್ನಬಹುದು. ಆ ಮಾತಿನಲ್ಲಿ ಸುಳ್ಳಿಲ್ಲ. ಕೆಲಸ ಹುಡುಕುತ್ತಾ ಅಪ್ಲಿಕೇಶನ್ ಫೀಸು ಕಟ್ಟಿ ಕಟ್ಟಿ ಸುಸ್ತಾದವರಿಗೆ ಈನೋನ ಕಥೆಯಿಂದ ದಾರಿಯೇನೂ ಸಿಗುವುದಿಲ್ಲ. ಆದರೆ ಅಷ್ಟೇ ದುಡ್ಡಿದ್ದ ಅವನ ಕಾಲದ ಬೇರೆಯವರು ಬಂಗಲೆ ಕಟ್ಟಿದರು, ವಿಹಾರದ ಹಡಗು ಕೊಂಡರು. ಇವನು ಹೋಗಿ ನಿಂತದ್ದು ಪೊಲೀಸ್ ಇಲಾಖೆಯ ಬಾಗಿಲಲ್ಲಿ.

1900ರಲ್ಲಿ ರೈಡರ್ ಅಂಡ್ ಡ್ರೈವರ್ ಎಂಬ ಪತ್ರಿಕೆಯಲ್ಲಿ ಅವನ ಮೊದಲ ಲೇಖನ ಬಂತು. ಅದು ಕುದುರೆ ಪ್ರಿಯರ ಪತ್ರಿಕೆ. ಬೀದಿಯ ಸಂಚಾರ ಸುಧಾರಣೆ ತುರ್ತಾಗಿ ಆಗಬೇಕು ಎಂಬುದು ಲೇಖನದ ವಾದ. ಆಗ ಇಡೀ ಅಮೆರಿಕದಲ್ಲಿ ಇದ್ದ ಮೋಟಾರು ಕಾರುಗಳು ಹತ್ತು ಸಾವಿರವೂ ಇಲ್ಲ. ಫೋರ್ಡ್ ಕಂಪನಿಯ ಮಾಡೆಲ್ ಟಿ ಬರಲು ಇನ್ನೂ ಎಂಟು ವರ್ಷವಿತ್ತು. ಅಂದರೆ ಈನೋ ನಿಯಮ ಬರೆಯಲು ಕುಳಿತದ್ದು ಕುದುರೆಗಾಡಿಗೆ. ಕಾರು ಬಂದಾಗ ಆ ನಿಯಮಗಳನ್ನೇ ಅದಕ್ಕೂ ತೊಡಿಸಿದರು.

ಮೂರು ವರ್ಷ ಹಿಂದೆ ಬಿದ್ದ ಮೇಲೆ 1903ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಪೊಲೀಸರು ಅವನ ಚಾಲನಾ ನಿಯಮಗಳನ್ನು ಒಪ್ಪಿಕೊಂಡರು. ಒಂದು ಆಧುನಿಕ ನಗರದ ಮೊದಲ ಸಮಗ್ರ ಸಂಚಾರ ನಿಯಮಾವಳಿ ಇದೇ ಎಂದು ಸಾಮಾನ್ಯವಾಗಿ ಲೆಕ್ಕ. ಪುಟ್ಟ ಮಡಿಕೆ ಹಾಳೆಯಲ್ಲಿ ಹಿಡಿಸುವಷ್ಟು ಚಿಕ್ಕದು. ಅಚ್ಚು ಹಾಕಿಸಿದ ಖರ್ಚು ಈನೋನದೇ.

ಆ ನಿಯಮಗಳನ್ನು ಈಗ ಓದಿದರೆ ಇದರಲ್ಲಿ ಏನು ವಿಶೇಷ ಎನಿಸುತ್ತದೆ. ಗಾಡಿಗಳು ಬಲಕ್ಕೆ ಹೋಗಬೇಕು. ನಿಧಾನದ ಗಾಡಿ ಕಾಲುದಾರಿಯ ಅಂಚಿಗೆ ಹತ್ತಿರವಿದ್ದು, ವೇಗದವರಿಗೆ ಎಡಗಡೆ ಜಾಗ ಬಿಡಬೇಕು. ಮುಂದಿನ ಗಾಡಿಯನ್ನು ದಾಟುವುದಾದರೆ ಎಡಗಡೆಯಿಂದ ದಾಟಬೇಕು. ಬಲಕ್ಕೆ ತಿರುಗುವವನು ಅಂಚು ಹಿಡಿದು ತಿರುಗಬೇಕು, ಎಡಕ್ಕೆ ತಿರುಗುವವನು ಕೂಡುರಸ್ತೆಯ ನಡುಬಿಂದುವನ್ನು ದಾಟಿ ತಿರುಗಬೇಕು. ನಿಲ್ಲಿಸುವ ಮೊದಲು, ತಿರುಗಿಸುವ ಮೊದಲು ಚಾವಟಿಯನ್ನೋ ಕೈಯನ್ನೋ ಎತ್ತಿ ತೋರಿಸಬೇಕು. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್, ಅಂಚೆ ಗಾಡಿಗಳಿಗೆ ಎಲ್ಲರೂ ದಾರಿ ಬಿಡಬೇಕು. ನಮ್ಮ ಬೈಕಿನ ಇಂಡಿಕೇಟರಿಗೆ ಅಜ್ಜ ಆ ಚಾವಟಿ. ಇದೆಲ್ಲ ನಮಗೆ ಸಾಮಾನ್ಯಜ್ಞಾನ ಎನಿಸಿದರೆ ಅದೇ ಅವನ ಗೆಲುವು. 1903ಕ್ಕೆ ಮೊದಲು ನ್ಯೂಯಾರ್ಕಿನ ಗಾಡಿಗಾರರಿಗೆ ಇದು ಸಾಮಾನ್ಯಜ್ಞಾನವಾಗಿರಲಿಲ್ಲ. ತಿರುಗುವವನು ನಡುಬಿಂದುವಿಗೆ ಮೊದಲೇ ಅಡ್ಡ ಹಾಯ್ದು, ಎದುರಿನ ಕುದುರೆಯ ಮೂತಿಗೆ ಸಿಕ್ಕಿಕೊಳ್ಳುತ್ತಿದ್ದ.

ಹಾಗಾದರೆ ಆ ಮುಖ್ಯ ಪ್ರಶ್ನೆ, ಕೂಡುರಸ್ತೆಯಲ್ಲಿ ಮೊದಲು ಯಾರು? ಈನೋನ ನಿಯಮಗಳಲ್ಲಿ ಇದಕ್ಕೆ ವಿಚಿತ್ರವಾದ ಉತ್ತರವಿದೆ. ಉತ್ತರ ದಕ್ಷಿಣವಾಗಿ ಹೋಗುವ ಗಾಡಿಗೆ ಪೂರ್ವ ಪಶ್ಚಿಮವಾಗಿ ಹೋಗುವ ಗಾಡಿ ದಾರಿ ಬಿಡಬೇಕು. ವಾಸ್ತು ಶಾಸ್ತ್ರದ ಹಾಗೆ ಕೇಳಿಸುತ್ತದೆ, ಆದರೆ ಕಾರಣ ಭೂಗೋಳದ್ದು. ಮ್ಯಾನ್‌ಹಟನ್ ಉದ್ದನೆಯ ದ್ವೀಪ. ದೊಡ್ಡ ಅವೆನ್ಯೂಗಳೆಲ್ಲ ಉದ್ದಕ್ಕೆ, ಸಣ್ಣ ಬೀದಿಗಳೆಲ್ಲ ಅಡ್ಡಕ್ಕೆ. ದಿಕ್ಕು ಹೇಳಿದರೆ ದೊಡ್ಡ ರಸ್ತೆ ಯಾವುದೆಂದು ಹೇಳಿದಂತಾಯಿತು. ಒಂದು ಬೋರ್ಡಿನ ಖರ್ಚೂ ಇಲ್ಲ. ಇದೇ ನಿಯಮವನ್ನು ರಸ್ತೆಗಳು ಬಳ್ಳಿಯಂತೆ ಸುತ್ತುವ ಊರಿಗೆ ತಂದರೆ ಮಧ್ಯಾಹ್ನದ ಹೊತ್ತು ಗಾಡಿ ನಿಲ್ಲಿಸಿ ಉತ್ತರ ಯಾವ ಕಡೆ ಎಂದು ಹುಡುಕಬೇಕಾಗುತ್ತಿತ್ತು.

ಬೇರೆ ದೇಶಗಳು ಬೇರೆ ದಾರಿ ಹಿಡಿದವು. ಫ್ರಾನ್ಸಿನಲ್ಲಿ ಬಲಗಡೆಯಿಂದ ಬಂದವನಿಗೆ ಮೊದಲ ಹಕ್ಕು ಎಂಬ ನಿಯಮ ಬೇರೂರಿತು. ಜರ್ಮನಿಯಲ್ಲೂ ಬೋರ್ಡಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯವನೇ ಮೊದಲು. ಅಡ್ಡರಸ್ತೆ ಎಷ್ಟೇ ಚಿಕ್ಕದಿರಲಿ, ಬಲಗಡೆಯಿಂದ ಬಂದರೆ ದೊಡ್ಡ ರಸ್ತೆಯವನು ಬ್ರೇಕ್ ಹಾಕಬೇಕು. ಬ್ರಿಟನ್ ಅಂಥ ಸಾರ್ವತ್ರಿಕ ನಿಯಮವನ್ನೇ ಇಟ್ಟುಕೊಳ್ಳಲಿಲ್ಲ. ಅಲ್ಲಿ ರಸ್ತೆಯ ಮೇಲಿನ ಗೆರೆ, ಬೋರ್ಡು ಹೇಳಿದ್ದೇ ಮಾತು. ಅಮೆರಿಕದಲ್ಲಿ ನಾಲ್ಕೂ ಕಡೆ ಸ್ಟಾಪ್ ಬೋರ್ಡು ಇರುವ ಕೂಡುರಸ್ತೆಗಳಿವೆ. ಎಲ್ಲರೂ ಪೂರ್ತಿ ನಿಲ್ಲಬೇಕು, ಮೊದಲು ಬಂದು ನಿಂತವನು ಮೊದಲು ಹೊರಡಬೇಕು, ಒಟ್ಟಿಗೆ ಬಂದರೆ ಬಲಗಡೆಯವನು ಮೊದಲು. ಎಂಎಸ್ ಮಾಡಲು ಅಲ್ಲಿಗೆ ಹೋದ ಸೀನಿಯರ್‌ಗಳು ರಾತ್ರಿ ಎರಡು ಗಂಟೆಗೆ ಖಾಲಿ ರಸ್ತೆಯಲ್ಲೂ ಜನ ಕಾರು ನಿಲ್ಲಿಸಿ ಹೊರಡುವುದನ್ನು ಪವಾಡದಂತೆ ಬಣ್ಣಿಸುತ್ತಾರೆ. ನಮ್ಮಲ್ಲಿ ನಿಯಮವಿಲ್ಲವೇ? ಇದೆ. ನಮ್ಮ ರಸ್ತೆ ನಿಯಮಗಳ ಪ್ರಕಾರ ಮುಖ್ಯ ರಸ್ತೆ ಎಂದು ಗುರುತಿಸಿದ ರಸ್ತೆಗೆ ಸೇರುವವನು ಅದರಲ್ಲಿ ಹೋಗುತ್ತಿರುವವರಿಗೆ ದಾರಿ ಬಿಡಬೇಕು. ಉಳಿದ ಕಡೆ ತನ್ನ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಈ ಬಲಗಡೆಯ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈನೋನ ಇನ್ನೊಂದು ದೊಡ್ಡ ಕೆಲಸ ವೃತ್ತ. ನ್ಯೂಯಾರ್ಕಿನ ಕೊಲಂಬಸ್ ಸರ್ಕಲ್ಲಿನಲ್ಲಿ ನಡುವೆ ಕೊಲಂಬಸನ ಕಂಬವಿತ್ತು, ಸುತ್ತ ಗಾಡಿಗಳು ತಮಗೆ ತೋಚಿದ ದಿಕ್ಕಿಗೆ ಸುತ್ತುತ್ತಿದ್ದವು. ಎಲ್ಲರೂ ಒಂದೇ ದಿಕ್ಕಿಗೆ ಸುತ್ತಬೇಕು ಎಂಬ ಅವನ ಸಲಹೆ 1905ರಲ್ಲಿ ಜಾರಿಗೆ ಬಂತು. 1907ರಲ್ಲಿ ಪ್ಯಾರಿಸಿನ ಪ್ಲಾಸ್ ದ ಲೆತ್ವಾಲ್ ಕೂಡ ಏಕಮುಖ ವೃತ್ತವಾಯಿತು. ವಿಜಯ ಕಮಾನಿನ ಸುತ್ತ ಹನ್ನೆರಡು ರಸ್ತೆಗಳು ನಕ್ಷತ್ರದ ಕಿರಣಗಳಂತೆ ಕೂಡುವ ಜಾಗ ಅದು. ಅಲ್ಲಿ ಇದೇ ವಿಚಾರವನ್ನು ಸ್ವತಂತ್ರವಾಗಿ ಮುಂದಿಟ್ಟವನು ಯೂಜೀನ್ ಎನಾರ್ ಎಂಬ ಫ್ರೆಂಚ್ ವಾಸ್ತುಶಿಲ್ಪಿ. ಮೊದಲು ಹೊಳೆದದ್ದು ಯಾರಿಗೆ ಎಂಬ ಚರ್ಚೆ ಇದೆ. ನನಗನ್ನಿಸುವಂತೆ ಇಬ್ಬರಿಗೂ ಹೊಳೆದಿರಬಹುದು. ಸಮಸ್ಯೆ ಎರಡೂ ಊರಿನಲ್ಲಿ ಒಂದೇ ಆಗಿತ್ತಲ್ಲ.

ವೃತ್ತ ಯಾಕೆ ಒಳ್ಳೆಯದು ಎಂದು ಬೋರ್ಡಿನ ಮೇಲೆ ಗೆರೆ ಎಳೆದರೆ ಗೊತ್ತಾಗುತ್ತದೆ. ಎರಡು ಸಾಧಾರಣ ರಸ್ತೆಗಳು ಅಡ್ಡಡ್ಡ ಹಾಯುವ ಕಡೆ ಗಾಡಿಯ ದಾರಿಗೆ ಗಾಡಿಯ ದಾರಿ ತಾಗುವ ಬಿಂದುಗಳು 32. ಅದೇ ಜಾಗದಲ್ಲಿ ಒಂದು ಲೇನಿನ ವೃತ್ತ ಇಟ್ಟರೆ 8. ಅದಕ್ಕಿಂತ ಮುಖ್ಯವಾದದ್ದು, ಉಳಿದ ಆ ಎಂಟೂ ಸೇರುವ ಅಥವಾ ಅಗಲುವ ಬಿಂದುಗಳು. ಒಂದು ಗಾಡಿ ಇನ್ನೊಂದರ ಹೊಟ್ಟೆಗೆ ನೇರ ಹೊಡೆಯುವ ಬಿಂದು ಒಂದೂ ಉಳಿಯುವುದಿಲ್ಲ. ಪಕ್ಕಕ್ಕೆ ಉಜ್ಜಿದರೆ ಪೇಂಟು ಹೋಗುತ್ತದೆ, ಹೊಟ್ಟೆಗೆ ಹೊಡೆದರೆ ಜೀವ ಹೋಗುತ್ತದೆ.

ಆದರೆ ವೃತ್ತದೊಳಗೂ ಅದೇ ಹಳೆಯ ಪ್ರಶ್ನೆ ಬಂತು. ಒಳಗೆ ಸುತ್ತುತ್ತಿರುವವನು ಮೊದಲೋ, ಹೊರಗಿನಿಂದ ನುಗ್ಗುವವನು ಮೊದಲೋ? ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಬೇಕಾದರೆ ಒಂದು ಚೀಟಿಯ ಮೇಲೆ ಚಿತ್ರ ಬರೆದುಕೊಳ್ಳಿ. ಬಲಗಡೆಯವನಿಗೆ ದಾರಿ ಬಿಡು ಎಂಬ ಒಂದೇ ವಾಕ್ಯವನ್ನು ಎರಡು ದೇಶಕ್ಕೆ ಕೊಡೋಣ. ಫ್ರಾನ್ಸಿನಂತೆ ರಸ್ತೆಯ ಬಲಕ್ಕೆ ಹೋಗುವ ದೇಶದಲ್ಲಿ ವೃತ್ತವನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತಾರೆ. ಆಗ ಒಳಗಿರುವವನಿಗೆ ಹೊಸದಾಗಿ ನುಗ್ಗುವವನು ಬಲಗಡೆಯಿಂದ ಬರುತ್ತಾನೆ. ಹಾಗಾಗಿ ಒಳಗಿನವನು ನಿಲ್ಲಬೇಕು. ಅವನು ನಿಂತರೆ ಅವನ ಹಿಂದಿನವನು ನಿಲ್ಲುತ್ತಾನೆ. ಇನ್ನಷ್ಟು ಜನ ನುಗ್ಗುತ್ತಾರೆ, ಹೊರಗೆ ಹೋಗಬೇಕಾದವರಿಗೇ ದಾರಿ ಇಲ್ಲವಾಗುತ್ತದೆ. ವೃತ್ತ ತನ್ನ ಬಾಲವನ್ನು ತಾನೇ ನುಂಗಿದ ಹಾವಿನಂತೆ ಬಿಗಿದುಕೊಳ್ಳುತ್ತದೆ. ಈಗ ನಮ್ಮಂತೆ ಎಡಕ್ಕೆ ಹೋಗುವ ದೇಶಕ್ಕೆ ಬನ್ನಿ. ನಾವು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತೇವೆ. ವೃತ್ತಕ್ಕೆ ಸೇರುವವನಿಗೆ ಒಳಗಿರುವವನು ಬಲಗಡೆಯಿಂದ ಬರುತ್ತಾನೆ. ಅದೇ ವಾಕ್ಯ, ಆದರೆ ಇಲ್ಲಿ ಕಾಯಬೇಕಾದವನು ಹೊರಗಿನವನು. ಒಳಗಿನವರು ಖಾಲಿಯಾಗುತ್ತಾ ಹೋಗುತ್ತಾರೆ, ವೃತ್ತ ಕಟ್ಟಿಕೊಳ್ಳುವುದಿಲ್ಲ. ಒಂದು ಅಕ್ಷರವೂ ಬದಲಾಗದೆ ನಿಯಮದ ಫಲ ತಿರುಗುಮುರುಗಾಯಿತು. ಬೇರೆ ದೇಶದ ನಿಯಮ ತಂದು ಇಲ್ಲಿ ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ನಾನು ಕೊಡುವ ಉದಾಹರಣೆ ಇದೇ.

ಈನೋನ ಅಮೆರಿಕವೂ ಬಲಕ್ಕೆ ಹೋಗುವ ದೇಶ. ಅಲ್ಲಿ ಕಟ್ಟಿದ ಹಳೆಯ ವೃತ್ತಗಳಲ್ಲಿ ನುಗ್ಗುವವನಿಗೇ ಹಕ್ಕು ಸಿಕ್ಕಿತು. ಕುದುರೆಗಾಡಿಯ ಕಾಲಕ್ಕೆ ಅದು ನಡೆಯಿತು. ಕಾರುಗಳು ಲಕ್ಷಗಟ್ಟಲೆ ಆದ ಮೇಲೆ ವೃತ್ತಗಳು ಕಟ್ಟಿಕೊಳ್ಳತೊಡಗಿದವು.

ಅಷ್ಟರಲ್ಲಿ ದೀಪ ಬಂತು. 1914ರ ಆಗಸ್ಟಿನಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ವಿದ್ಯುತ್ ಸಿಗ್ನಲ್, 1920ರಲ್ಲಿ ಡೆಟ್ರಾಯಿಟ್‌ನಲ್ಲಿ ಪೊಲೀಸ್ ಅಧಿಕಾರಿ ವಿಲಿಯಂ ಪಾಟ್ಸ್ ಮಾಡಿದ ಮೂರು ಬಣ್ಣದ, ನಾಲ್ಕು ಮುಖದ ದೀಪ. ಈನೋಗೆ ಇವು ಅಷ್ಟಾಗಿ ಹಿಡಿಸಲಿಲ್ಲ. ಅಡ್ಡರಸ್ತೆಯಲ್ಲಿ ಯಾರೂ ಇಲ್ಲದಿದ್ದರೂ ಕೆಂಪು ದೀಪ ಎಲ್ಲರನ್ನೂ ನಿಲ್ಲಿಸಿಡುತ್ತದೆ, ಸುತ್ತುತ್ತಾ ಸಾಗುವ ವ್ಯವಸ್ಥೆಯೇ ಮೇಲು ಎಂಬುದು ಅವನ ನಿಲುವು. ವಾದದಲ್ಲಿ ಹುರುಳಿದೆ. ಆದರೆ ವೃತ್ತಕ್ಕೆ ಜಾಗ ಬೇಕು, ದೀಪಕ್ಕೆ ಒಂದು ಕಂಬ ಸಾಕು. ನಗರಗಳು ಕಂಬವನ್ನೇ ಆರಿಸಿಕೊಂಡವು. ಮೂರು ವಾರದಲ್ಲಿ ನಿವೇಶನ ಮಾರಿ ಲಾಭ ಮಾಡಿದ್ದವನಿಗೆ ನಗರದ ನೆಲದ ಬೆಲೆ ಗೊತ್ತಿರಲಿಲ್ಲವೇ ಎಂದು ಆಶ್ಚರ್ಯವಾಗುತ್ತದೆ.

ಇನ್ನು ಬೋರ್ಡುಗಳ ಕಥೆ. ಸ್ಟಾಪ್ ಬೋರ್ಡು, ಜೀಬ್ರಾ ದಾಟುದಾರಿ, ಏಕಮುಖ ರಸ್ತೆ, ಟ್ಯಾಕ್ಸಿ ನಿಲ್ದಾಣ, ರಸ್ತೆ ನಡುವೆ ಪಾದಚಾರಿ ನಿಲ್ಲುವ ಕಟ್ಟೆ, ಇವೆಲ್ಲವನ್ನೂ ಈನೋನ ತಲೆಗೇ ಕಟ್ಟುವುದುಂಟು. ಇದನ್ನು ಸ್ವಲ್ಪ ಉಪ್ಪು ಕಡಿಮೆ ಮಾಡಿ ತಿನ್ನಬೇಕು. ಅಷ್ಟನ್ನೂ ಒಬ್ಬನೇ ಕಂಡುಹಿಡಿದನೆಂದು ನನಗೆ ನಂಬಿಕೆಯಿಲ್ಲ. ಅವನು ಇವುಗಳ ಪರ ಬರೆದ, ಪ್ರಚಾರ ಮಾಡಿದ, ನಗರದಿಂದ ನಗರಕ್ಕೆ ಹೊತ್ತು ತಿರುಗಿದ. ನೆಟ್ಟಿದ್ದು ಮಾತ್ರ ಬೇರೆ ಬೇರೆ ಊರಿನ ಬೇರೆ ಬೇರೆ ಜನ. ಸ್ಟಾಪ್ ಬೋರ್ಡು ಮೊದಲು ಕಂಡದ್ದು 1915ರಲ್ಲಿ, ಡೆಟ್ರಾಯಿಟ್‌ನಲ್ಲಿ.

ಅದಕ್ಕೆ ಎಂಟು ಮೂಲೆ ಬಂದದ್ದು 1923ರಲ್ಲಿ. ಅಮೆರಿಕದ ಕೆಲವು ರಾಜ್ಯಗಳ ಹೆದ್ದಾರಿ ಅಧಿಕಾರಿಗಳು ಕೂತು ಒಂದು ಲೆಕ್ಕ ಹಾಕಿದರು: ಅಪಾಯ ಹೆಚ್ಚಿದಷ್ಟೂ ಬದಿಗಳು ಹೆಚ್ಚಲಿ. ರೈಲ್ವೆ ಗೇಟಿಗೆ ದುಂಡನೆಯದು, ಏಕೆಂದರೆ ವೃತ್ತಕ್ಕೆ ಎಣಿಸಲಾರದಷ್ಟು ಬದಿಗಳು. ಅದಕ್ಕಿಂತ ಕಡಿಮೆ ಅಪಾಯದ ನಿಲ್ಲುವ ಜಾಗಕ್ಕೆ ಎಂಟು, ಬರೀ ಎಚ್ಚರಿಕೆಗೆ ನಾಲ್ಕು. ಲೆಕ್ಕ ಪ್ರಿಯರಿಗೆ ಖುಷಿ ಕೊಡುವ ತರ್ಕ. ಆಗ ಸ್ಟಾಪ್ ಬೋರ್ಡು ಹಳದಿಯಾಗಿತ್ತು, ಕೆಂಪಾದದ್ದು 1954ರಲ್ಲಿ.

ಯುರೋಪಿನಲ್ಲಿ ಕಥೆ ಬೇರೆ. ಅಲ್ಲಿ ಅರ್ಧ ದಿನ ಕಾರು ಓಡಿಸಿದರೆ ಭಾಷೆ ಬದಲಾಗುತ್ತದೆ. ಅಕ್ಷರ ಬರೆದು ಪ್ರಯೋಜನವಿಲ್ಲ, ಚಿತ್ರವೇ ಬೇಕು. 1909ರಲ್ಲಿ ಪ್ಯಾರಿಸಿನಲ್ಲಿ ಸೇರಿದ ದೇಶಗಳು ನಾಲ್ಕು ಚಿತ್ರಗಳನ್ನು ಒಪ್ಪಿದವು: ರಸ್ತೆಯ ಉಬ್ಬುತಗ್ಗು, ತಿರುವು, ರೈಲ್ವೆ ಗೇಟು, ಕೂಡುರಸ್ತೆ. ಅದೇ ವರ್ಷ ಈನೋನ ಬೀದಿ ಸಂಚಾರ ನಿಯಂತ್ರಣದ ಪುಸ್ತಕವೂ ಬಂತು. ಮುಂದೆ 1931ರಲ್ಲಿ ಜಿನೀವಾ, 1949ರಲ್ಲಿ ಮತ್ತೆ ಜಿನೀವಾ, 1968ರಲ್ಲಿ ವಿಯೆನ್ನಾ ಹೀಗೆ ಒಪ್ಪಂದಗಳು ಬೆಳೆದವು. ವಿಯೆನ್ನಾ ಒಪ್ಪಂದಕ್ಕೆ ಭಾರತ 1980ರಲ್ಲಿ ಸೇರಿತು. ನಮ್ಮ ಎಲ್‌ಎಲ್‌ಆರ್ ಪುಸ್ತಕದ ತ್ರಿಕೋನಗಳು ಯುರೋಪಿನ ತ್ರಿಕೋನಗಳಿಗೆ ಅಣ್ಣತಮ್ಮಂದಿರಂತೆ ಕಾಣುವುದಕ್ಕೆ ಈ ನಂಟು ಕಾರಣ. ಅಮೆರಿಕ ಆ ಕುಟುಂಬಕ್ಕೆ ಸೇರಲೇ ಇಲ್ಲ. ಒಂದೇ ಭಾಷೆ ಓದುವ ವಿಶಾಲ ದೇಶ, ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆದರೆ ಮುಗಿಯಿತು. ಆದರೂ ಎಂಟು ಮೂಲೆಯ ಅಮೆರಿಕನ್ ಬೋರ್ಡನ್ನು ವಿಯೆನ್ನಾ ಒಪ್ಪಂದ ಎತ್ತಿಕೊಂಡಿತು. ಹಿಂದಿನಿಂದ ನೋಡಿದರೂ, ಮೇಲೆ ಹಿಮ ಮೆತ್ತಿದ್ದರೂ ಆಕಾರದಿಂದಲೇ ಗುರುತು ಸಿಗುತ್ತದಲ್ಲ. ಜಪಾನ್ ಮಾತ್ರ ಇವತ್ತಿಗೂ ನಿಲ್ಲು ಎನ್ನಲು ತಲೆಕೆಳಗಾದ ಕೆಂಪು ತ್ರಿಕೋನ ಬಳಸುತ್ತದೆ. ನಮ್ಮ ಕಣ್ಣಿಗೆ ಅದು ದಾರಿ ಬಿಡು ಎಂದಷ್ಟೇ ಕಾಣುತ್ತದೆ.

ಇನ್ನೂ ಅಪಾಯದ್ದು ಹಳದಿ ವಜ್ರಾಕೃತಿ. ಅಮೆರಿಕದಲ್ಲಿ ಹಳದಿ ವಜ್ರ ಕಂಡರೆ ಮುಂದೆ ಏನೋ ಅಪಾಯವಿದೆ, ನಿಧಾನಿಸು ಎಂದರ್ಥ. ಯುರೋಪಿನ ಬಹುತೇಕ ದೇಶಗಳಲ್ಲಿ ಬಿಳಿ ಅಂಚಿನ ಹಳದಿ ವಜ್ರ ಕಂಡರೆ ನೀನು ಆದ್ಯತೆಯ ರಸ್ತೆಯಲ್ಲಿದ್ದೀಯ, ಅಡ್ಡರಸ್ತೆಯವರು ನಿನಗೆ ದಾರಿ ಬಿಡುತ್ತಾರೆ ಎಂದರ್ಥ. ಒಂದೇ ಬಣ್ಣ, ಒಂದೇ ಆಕಾರ, ಒಂದು ಕಡೆ ಭಯ, ಇನ್ನೊಂದು ಕಡೆ ಧೈರ್ಯ. ಯುರೋಪಿನಲ್ಲೇ ಇರುವ ಐರ್ಲೆಂಡ್ ಎಚ್ಚರಿಕೆಗೆ ಅಮೆರಿಕದ ಹಳದಿ ವಜ್ರವನ್ನೇ ಇಟ್ಟುಕೊಂಡಿದೆ ಎಂಬುದು ಇದಕ್ಕೆ ಒಗ್ಗರಣೆ.

ಇಷ್ಟೆಲ್ಲ ನಡೆಯುವಾಗ ಈನೋ ಏನು ಮಾಡುತ್ತಿದ್ದ? ಬರೆಯುತ್ತಿದ್ದ. ಕುದುರೆ ಸವಾರಿ ಮಾಡುತ್ತಿದ್ದ. ಕಾರಿನಲ್ಲಿ ಹೋಗಬೇಕಾದಾಗ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ, ಓಡಿಸಲು ಚಾಲಕನಿದ್ದ. ಪ್ಯಾರಿಸಿನ ಸಂಚಾರ ವ್ಯವಸ್ಥೆಗೆ ಮಾಡಿದ ಕೆಲಸಕ್ಕೆ ಫ್ರಾನ್ಸ್ ಅವನಿಗೆ ಲೀಜನ್ ಆಫ್ ಆನರ್ ಗೌರವ ಕೊಟ್ಟಿತು. 1921ರಲ್ಲಿ ತನ್ನ ಹಣದಿಂದ ಹೆದ್ದಾರಿ ಸಂಚಾರ ನಿಯಂತ್ರಣಕ್ಕೆಂದೇ ಈನೋ ಫೌಂಡೇಶನ್ ಸ್ಥಾಪಿಸಿದ. ಕನೆಕ್ಟಿಕಟ್ ರಾಜ್ಯದ ವೆಸ್ಟ್‌ಪೋರ್ಟಿನಲ್ಲಿ ಅದರ ಕಚೇರಿ ಇತ್ತು. ಆ ಸಂಸ್ಥೆ ವಾಷಿಂಗ್ಟನ್ನಿನಲ್ಲಿ ಈನೋ ಸೆಂಟರ್ ಎಂಬ ಹೆಸರಿನಲ್ಲಿ ಈಗಲೂ ಇದೆ. 1939ರಲ್ಲಿ, ಎಂಬತ್ತೊಂದು ದಾಟುವ ಹೊತ್ತಿಗೆ, ತನ್ನ ನಲವತ್ತು ವರ್ಷದ ಕೆಲಸದ ಕಥೆಯನ್ನು ಪುಸ್ತಕ ಮಾಡಿದ. ಆ ಹನ್ನೆರಡು ಗಾಡಿಗಳ ಪ್ರಸಂಗ ಬರುವುದು ಅದರಲ್ಲೇ. 1945ರ ಡಿಸೆಂಬರ್ 3ರಂದು ತೀರಿಕೊಂಡ. ಎಂಬತ್ತೇಳು ವರ್ಷ.

ಅವನು ಸತ್ತ ಮೇಲೆ ಅಮೆರಿಕದಲ್ಲಿ ವೃತ್ತಗಳಿಗೆ ಕೆಟ್ಟ ಕಾಲ ಬಂತು. ಹೊಸದಾಗಿ ಕಟ್ಟುವುದನ್ನು ಬಹುತೇಕ ನಿಲ್ಲಿಸಿದರು, ಕೆಲವನ್ನು ಕಿತ್ತು ಸಿಗ್ನಲ್ ಹಾಕಿದರು. ಬದುಕಿಸಿದ್ದು ಬ್ರಿಟನ್. ಫ್ರಾಂಕ್ ಬ್ಲ್ಯಾಕ್‌ಮೋರ್ ಎಂಬ ಇಂಜಿನಿಯರ್ ಮತ್ತು ಜೊತೆಯವರು ಪ್ರಯೋಗ ಮಾಡಿ ತೋರಿಸಿದ ಮೇಲೆ, 1966ರ ನವೆಂಬರಿನಲ್ಲಿ, ವೃತ್ತಕ್ಕೆ ಸೇರುವವನು ಒಳಗಿರುವವನಿಗೆ ದಾರಿ ಬಿಡಬೇಕು ಎಂಬ ನಿಯಮ ಅಲ್ಲಿ ಬಂತು. ಒಂದು ಇಟ್ಟಿಗೆ ಇಡದೆ, ಬರೀ ಒಂದು ಸಾಲು ಬರೆದು, ಕಟ್ಟಿಕೊಳ್ಳುತ್ತಿದ್ದ ವೃತ್ತಗಳು ಹರಿಯತೊಡಗಿದವು. ಫ್ರಾನ್ಸ್ 1984ರಲ್ಲಿ ಅದೇ ನಿಯಮ ತಂದಿತು, ಆಮೇಲೆ ಅಲ್ಲಿ ಊರೂರಿಗೂ ವೃತ್ತಗಳೆದ್ದವು. ಅಮೆರಿಕದಲ್ಲಿ ಹೊಸ ಬಗೆಯ ವೃತ್ತ ಕಾಣಿಸಿಕೊಂಡಿದ್ದು 1990ರಲ್ಲಿ, ನೆವಾಡಾ ರಾಜ್ಯದಲ್ಲಿ. ಈನೋ ಕೇಳಿದ್ದು ಸಿಕ್ಕಿತು, ನಲವತ್ತೈದು ವರ್ಷ ತಡವಾಗಿ.

ನಮ್ಮಲ್ಲಿ ರೋಟರಿ ವಿನ್ಯಾಸಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 65ನೇ ಸಂಹಿತೆ ಇದೆ, ಬೋರ್ಡುಗಳಿಗೆ 67ನೆಯದು. ಜೆಇ, ಎಇ ಪರೀಕ್ಷೆಗೆ ಓದುವವರಿಗೆ ಆ ಸಂಖ್ಯೆಗಳು ಪರಿಚಿತ. ಗಂಟೆಗೆ ಸುಮಾರು 3000 ವಾಹನ ದಾಟಿದರೆ ರೋಟರಿ ತಾಳುವುದಿಲ್ಲ ಎಂಬ ಅಂಕಿಯೂ ಅಲ್ಲಿಯದೇ. ಬೆಂಗಳೂರಿನ ಎಷ್ಟೋ ಸರ್ಕಲ್ಲುಗಳು ಆ ಅಂಕಿ ಮೀರಿ, ನಡುವಿನ ದಿಣ್ಣೆ ಕಳೆದುಕೊಂಡು, ಸಿಗ್ನಲ್ ಹಾಕಿಸಿಕೊಂಡಿವೆ. ಹೆಸರಿನಲ್ಲಿ ಮಾತ್ರ ಸರ್ಕಲ್ ಉಳಿದಿದೆ. ಮೈಸೂರಿನಲ್ಲಿ ಇನ್ನೂ ಕೆಲವು ಕಡೆ ಪ್ರತಿಮೆಯನ್ನು ಸುತ್ತಿಯೇ ಹೋಗಬೇಕು. ಅಲ್ಲಿ ಒಳಗಿರುವವನಿಗೆ ಮೊದಲ ಹಕ್ಕು ಎಂಬ ನಿಯಮ ನಮ್ಮ ಪುಸ್ತಕದಲ್ಲಿದೆ.

ಪ್ಯಾರಿಸಿನ ಆ ಹನ್ನೆರಡು ರಸ್ತೆಗಳ ವೃತ್ತಕ್ಕೆ 1984ರ ನಿಯಮ ತಟ್ಟಲಿಲ್ಲ. ಹೊರಗಿನಿಂದ, ಅಂದರೆ ಬಲಗಡೆಯಿಂದ ನುಗ್ಗುವವನಿಗೇ ಅಲ್ಲಿ ಮೊದಲ ಹಕ್ಕು. ಒಳಗೆ ಸುತ್ತುತ್ತಿರುವವರು ವಿಜಯ ಕಮಾನಿನ ಪಕ್ಕದಲ್ಲಿ ಬ್ರೇಕ್ ತುಳಿದು ಈಗಲೂ ಕಾಯುತ್ತಾರೆ.